ತೊಗಲಿನಲ್ಲಿ ಚಲಿಸುವ ಚಿತ್ರ

ಚಳ್ಳಕೆರೆಯಿಂದ ಬಳ್ಳಾರಿಗೆ ಹೊರಟ ಬಸ್ಸು ತಳಕು, ಹಿರೇಹಳ್ಳಿ ದಾಟಿ ಮೊಳಕಾಲ್ಮೂರು ತಾಲ್ಲೂಕಿನ ರಾಂಪುರದ ಮೇಲೆ ಹಾದುಹೋಗುತ್ತದೆ. ಇಕ್ಕೆಲಗಳಲ್ಲೂ ಶೇಂಗಾ ಹೊಲ, ಕುರಿಮಂದೆ, ಬೋಳುಗುಡ್ಡ. ಮಳೆ ಇಲ್ಲಿ ಅಪರೂಪದ ನೆಂಟ. ಮಳೆ ಕೈಕೊಟ್ಟ ವರ್ಷ ತೊಗಲುಗೊಂಬೆ ಆಡಿಸುವುದು ಬಯಲುಸೀಮೆಯ ಹಳೆಯ ರೂಢಿ.

ಕಲಾವಿದರ ಪ್ರಯೋಗಶೀಲ ಚಿತ್ರಗಳಿಗೆಂದೇ 2003ರಲ್ಲಿ ಮುಂಬಯಿಯಲ್ಲಿ ಆರಂಭವಾದ 'ಎಕ್ಸ್‌ಪೆರಿಮೆಂಟಾ' ಉತ್ಸವ ಮುಂದೆ ಬೆಂಗಳೂರಿಗೆ ಬಂತು. ಬೆಳಕು, ಪರದೆ, ಚಲಿಸುವ ಚಿತ್ರ: ಅದರ ಬಂಡವಾಳ ಇಷ್ಟೇ ತಾನೇ? ಹಳ್ಳಿಗಳಿಗೆ ಕರೆಂಟು ಬರುವ ಮೊದಲೇ ಕಿಳ್ಳೇಕ್ಯಾತರು ಇದನ್ನೆಲ್ಲ ಪೆಟ್ಟಿಗೆಯಲ್ಲಿ ಹೊತ್ತು ಊರೂರು ತಿರುಗುತ್ತಿದ್ದರು.

ಆಡಿನ ತೊಗಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹೆರೆದು, ಬಣ್ಣ ಬಳಿದು, ಒಡವೆ ಜಾಗದಲ್ಲಿ ಸಣ್ಣ ಸಣ್ಣ ತೂತು ಕೊರೆಯುತ್ತಾರೆ. ಹಿಂದೆ ದೀಪ ಇಟ್ಟರೆ ಪರದೆಯ ಮೇಲೆ ಬೀಳುವುದು ಕರಿ ನೆರಳಲ್ಲ, ಬಣ್ಣದ ನೆರಳು. ರಾಜನ ಗೊಂಬೆ ದೊಡ್ಡದು, ಆಳಿನದು ಚಿಕ್ಕದು. ಆದರೆ ಮಕ್ಕಳು ನಿದ್ದೆಗೆಟ್ಟು ಕಾಯುವುದು ರಾಜನಿಗಲ್ಲ, ಕಿಳ್ಳೇಕ್ಯಾತ ಮತ್ತು ಬಂಗಾರಕ್ಕನ ಜಗಳಕ್ಕೆ!

ಈ ಕಲೆಗೆ ಹೊಸ ಕಥೆ ಒಗ್ಗದು ಎನ್ನುವವರಿಗೆ ಬಳ್ಳಾರಿಯ ಬೆಳಗಲ್ಲು ವೀರಣ್ಣ ಪರದೆಯ ಮೇಲೆಯೇ ಉತ್ತರ ಕೊಟ್ಟರು. ರಾಮಾಯಣದ ಜೊತೆಗೆ ಸ್ವಾತಂತ್ರ್ಯ ಹೋರಾಟವನ್ನೂ ಗಾಂಧೀಜಿಯನ್ನೂ ತೊಗಲಿನಲ್ಲಿ ಆಡಿಸಿದರು. 2023ರ ಏಪ್ರಿಲ್‌ನಲ್ಲಿ, ಚಳ್ಳಕೆರೆ ಬಳಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ ತೊಂಬತ್ತರ ಆಸುಪಾಸು.

ಎಂ.ಎಸ್. ನಂಜುಂಡರಾಯರು ಸಂಗ್ರಹಿಸಿದ ಹಳೆಯ ತೊಗಲುಗೊಂಬೆಗಳು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿವೆ. ಮಕ್ಕಳಿಗೆ ತೋರಿಸಬಹುದು. ಆದರೆ ಗೊಂಬೆ ಹಿಡಿದ ಕೈ, ಹತ್ತು ಪಾತ್ರಗಳಿಗೆ ಹತ್ತು ದನಿ ಕೊಡುವ ಒಂದೇ ಗಂಟಲು, ಇವನ್ನು ನೋಡಿ ಕೇಳಬೇಕಾದರೆ ಮೇಳ ಬಂದ ರಾತ್ರಿ ಊರಿನಲ್ಲೇ ಉಳಿಯಬೇಕು.