ಗುರೂಜಿಯ ಜೀಪು

ಜತ್ತ ತಾಲೂಕಿನ ಸಂಖ ಭಾಗದ ಒಂದು ಹಳ್ಳಿಯಲ್ಲಿ ಗುರೂಜಿಯ ಜೀಪನ್ನು ಜನ ಕಿವಿಯಿಂದಲೇ ಗುರುತಿಸುತ್ತಿದ್ದರು. ಅದು ಇನ್ನೂ ಕೆರೆಯ ಏರಿಯ ಆಚೆ ಇರುವಾಗಲೇ ಗಾಲಿಗಳ ಗುಂಯ್‌ಗುಡುವ ನಾದವೂ ಬಟ್ಟೆಯ ಹೊದಿಕೆಯ ಪಟಪಟ ಸದ್ದೂ ಊರಿಗೆ ಬಂದು ಮುಟ್ಟುತ್ತಿದ್ದವು. ಫಾಟಾದ ಚಹದಂಗಡಿಯವನು ಅಷ್ಟರಲ್ಲಿ ಒಂದು ಕಪ್ಪಿನ ಹಾಲು ಹೆಚ್ಚಿಗೆ ಸುರಿದಿರುತ್ತಿದ್ದನು.

ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿ, 58ನೆಯ ವಯಸ್ಸಿಗೆ ನಿವೃತ್ತರಾದ ಗುರೂಜಿ, ಕೈಗೆ ಬಂದ ಹಣದಲ್ಲಿ ಮಗನ ಮಾತನ್ನು ಮೀರಿ ಕೊಂಡದ್ದು ಈ ಹಳೆಯ ಜೀಪು. ಗಾಜು ಏರಿಸಿದರೆ ಹೊರಗಿನ ಲೋಕವೇ ಕೇಳದಂಥ ಮುಚ್ಚಿದ ಕಾರು ಕೊಳ್ಳಿರೆಂದು ಮಗ ಪುಣೆಯಿಂದ ಹೇಳುತ್ತಲೇ ಇದ್ದನು. ಗುರೂಜಿಗೆ ಬೇಕಾದದ್ದು ಹೊದಿಕೆ ಬಿಚ್ಚಿ ಮಡಚಬಹುದಾದ, ಹಿಂದೆ ಹೊರೆ ತುಂಬಬಹುದಾದ ಗಾಡಿ. ಬೇಸಿಗೆಯಲ್ಲಿ ಅದರಲ್ಲಿ ಕುಡಿಯುವ ನೀರಿನ ಕ್ಯಾನುಗಳು ಬರುತ್ತಿದ್ದವು. ಛಟ್ಟಿ ಅಮಾವಾಸ್ಯೆಯ ಹೊತ್ತಿಗೆ ಗುಡ್ಡಾಪುರದ ದಾನಮ್ಮದೇವಿಗೆ ಪಾದಯಾತ್ರೆ ಹೊರಟು ದಾರಿಯಲ್ಲಿ ಸೋತ ಮುದುಕಿಯರು ಬರುತ್ತಿದ್ದರು. ಉಳಿದ ದಿನಗಳಲ್ಲಿ ಬರುತ್ತಿದ್ದವು ಪುಸ್ತಕಗಳು. ಗಡಿಯ ಕನ್ನಡ ಶಾಲೆಗಳಿಗೆ ಪಠ್ಯಪುಸ್ತಕ ಪುಣೆಯ ಬಾಲಭಾರತಿಯಿಂದ ಕನ್ನಡದಲ್ಲಿಯೇ ಬರುತ್ತದೆ. ಮಕ್ಕಳಿಗೆ ಓದಿನ ರುಚಿ ಹತ್ತಿಸುವ ಕಥೆಪುಸ್ತಕಗಳಿಗಾಗಿ ಮಾತ್ರ ಗುರೂಜಿ ವಿಜಯಪುರದ ದಾರಿ ಹಿಡಿಯುತ್ತಿದ್ದರು. ತಂದವುಗಳನ್ನು ಸುತ್ತಲಿನ ಶಾಲೆಗಳಿಗೆ ಹಂಚಿ, ತಿಂಗಳಿಗೊಮ್ಮೆ ಅದಲುಬದಲು ಮಾಡುವುದು ನಿವೃತ್ತಿಯ ನಂತರದ ಅವರ ನೌಕರಿ. ಅದಕ್ಕೆ ಯಾರೂ ಆದೇಶ ಹೊರಡಿಸಿರಲಿಲ್ಲ.

ಪ್ರತಿ ಸಲವೂ ಪಕ್ಕದ ಸೀಟಿನಲ್ಲಿ ಅವ್ವಾರು ಇರುತ್ತಿದ್ದರು. ಮೊದಲ ವರ್ಷ ಹೊಲ, ಮಳೆ, ಮಗಳ ಮನೆಯ ಸುದ್ದಿ ಎಂದು ಮಾತಾಡುತ್ತಿದ್ದರು. ಒಂದೊಂದು ಮಾತನ್ನು ಮೂರು ಮೂರು ಸಲ ಹೇಳಬೇಕಾಗಿ, ಮೂರನೆಯ ಸಲ ಅದು ಜಗಳದ ದನಿಯಂತೆ ಕೇಳಿಸತೊಡಗಿದ ಮೇಲೆ ಸೆರಗನ್ನು ಕಿವಿಗೆ ಸುತ್ತಿಕೊಂಡು ಸುಮ್ಮನೆ ಕೂಡುವುದನ್ನು ರೂಢಿಸಿಕೊಂಡರು. ಗುರೂಜಿ ಅದನ್ನು ಗಾಳಿಗೆ ಹೆದರುವ ಸ್ವಭಾವವೆಂದು ತಿಳಿದರು. ಹಾಗೆ ಎರಡು ವರ್ಷ ಕಳೆಯಿತು.

ಮಿರಜದ ಕಿವಿಯ ವೈದ್ಯರು ಅದನ್ನು ಬೇರೆಯಾಗಿ ಬಿಡಿಸಿ ಹೇಳಿದರು. ವಯಸ್ಸಾದಂತೆ ಕಿವಿಯಿಂದ ಮೊದಲು ಜಾರುವುದು ಏರುದನಿಯ ಸಣ್ಣ ಸದ್ದುಗಳು. ಮಾತಿನಲ್ಲಿ ಅ, ಆ, ಓ ಉಳಿದು, ಸಕಾರ ತಕಾರಗಳು ಮಸುಕಾಗುತ್ತವೆ. ಗಾಡಿಯ ಮೊರೆತ ಅದರ ಮೇಲೆ ಬಿದ್ದರೆ ಉಳಿದ ಮಾತೂ ಮುಳುಗುತ್ತದೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದೆಂಬ ಲೆಕ್ಕವುಂಟು. 3 ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧವಾಗುತ್ತದೆ: 88ಕ್ಕೆ 4 ಗಂಟೆ, 91ಕ್ಕೆ 2. ವೈದ್ಯರು ಜೀಪು ಮಾರಿರೆಂದು ಹೇಳಲಿಲ್ಲ. ಜೊತೆಗೆ ಕೂಡುವವರು ಯಾರೆಂದು ಮಾತ್ರ ಕೇಳಿದರು.

ಅದೇ ಜೂನ್‌ನಲ್ಲಿ ಇನ್ನೊಂದು ಆಯಿತು. ವಿಜಯಪುರದಿಂದ ಮರಳುವಾಗ ಮೃಗಶಿರಾ ಮಳೆ ಹಿಡಿಯಿತು. ಹಿಂದಿನ ಪರದೆಯ ಗುಂಡಿ ಕಿತ್ತುಹೋಗಿತ್ತು. ಊರಿಗೆ ಬಂದು ನೋಡಿದರೆ ಎರಡು ಕಟ್ಟು ಪುಸ್ತಕಗಳು ನೆನೆದು ಉಬ್ಬಿ, ಅವುಗಳ ಮೇಲಿನ ಧೂಳು ಕೆಂಪು ಕೆಸರಾಗಿತ್ತು. ಮಕ್ಕಳು ಹಾಳೆ ಹಾಳೆ ಬಿಡಿಸಿ ಶಾಲೆಯ ಪಡಸಾಲೆಯಲ್ಲಿ ಒಣಗಿಸಿದರು. ಚಿತ್ರಗಳ ಬಣ್ಣ ಒಂದರ ಮೇಲೊಂದು ಇಳಿದಿತ್ತು.

ಜತ್ತದ ಕುಶನ್ ಅಂಗಡಿಯ ಮೇಸ್ತ್ರಿ ಜೀಪನ್ನು ಸುತ್ತಿ ಬಂದು, ಪತ್ರಾಗಳನ್ನು ಬೆರಳಿನಿಂದ ಬಡಿದು ನೋಡಿದನು. ಎಲ್ಲ ಕಡೆಗೂ ಡಣ್ ಎಂದಿತು. ಯುದ್ಧಕಾಲದಲ್ಲಿ, 1941ರ ಹೊತ್ತಿಗೆ, ಅಮೆರಿಕದ ಸೈನ್ಯಕ್ಕಾಗಿ ತಯಾರಾದ ಗಾಡಿಯ ವಂಶ ಇದು. ಇದರಲ್ಲಿ ಬಾಗಿಲು, ಮಾಡು, ಡಿಕ್ಕಿ ಎಲ್ಲವೂ ಇದ್ದೂ ಇಲ್ಲದಂತೆ. ಬಟ್ಟೆಯ ಹೊದಿಕೆ ಸದ್ದನ್ನು ತಡೆಯುವುದು ಹೆಸರಿಗೆ ಮಾತ್ರ. ತಡೆಯ ತೂಕ ಇಮ್ಮಡಿಯಾದರೆ ಒಳಬರುವ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆಂಬುದು ಶಬ್ದಶಾಸ್ತ್ರದ ನಿಯಮ. ಅಂದರೆ ಗೋಡೆಯಷ್ಟು ದಪ್ಪ ಹೊದಿಸದ ಹೊರತು ಬಟ್ಟೆ ಕಾರಿನ ತಗಡಾಗದು. ಗೋಡೆಯಷ್ಟು ದಪ್ಪ ಹೊದಿಸಿದರೆ ಅದು ಮಡಚುವ ಹೊದಿಕೆಯಾಗಿ ಉಳಿಯದು. ಆದ್ದರಿಂದ ಮೇಸ್ತ್ರಿ ಮೇಲಿನಿಂದಲ್ಲ, ಕೆಳಗಿನಿಂದ ಆರಂಭಿಸಿದನು.

ಮೊದಲು ಟೈರು. ಹಿಂದಿನ ಮಾಲೀಕನು ಶೋಕಿಗಾಗಿ ಹಾಕಿಸಿದ್ದ, ಕೆಸರಿಗಾಗಿ ಮಾಡಿದ ದಪ್ಪ ಹಲ್ಲುಗಳ ಟೈರುಗಳವು. ಪ್ರತಿಯೊಂದು ಹಲ್ಲೂ ಡಾಂಬರಿಗೆ ಬಡಿದು ತನ್ನ ಸಂದಿನ ಗಾಳಿಯನ್ನು ಹಿಂಡುತ್ತದೆ. ಗುಂಯ್ ಎನ್ನುವುದು ಅದೇ. ವರ್ಷದ ಬಹುಪಾಲು ಕೆಸರನ್ನೇ ಕಾಣದ ಜತ್ತ ತಾಲೂಕಿನಲ್ಲಿ ಅಂಥ ಟೈರು ಏಕೆಂದು ಯಾರೂ ಕೇಳಿರಲಿಲ್ಲ. ರಸ್ತೆಯ ಟೈರು ಹಾಕಿಸಿದ ದಿನವೇ ಅರ್ಧ ಕೆಲಸ ಮುಗಿದಂತಾಯಿತು. ಆಮೇಲೆ ಹೊದಿಕೆ. ಸಡಿಲವಾದ ಬಟ್ಟೆ ನಗಾರಿಯಂತೆ ಬಡಿದುಕೊಳ್ಳುತ್ತದೆ. ಕಮಾನುಗಳನ್ನು ನೇರಮಾಡಿ, ಪಟ್ಟಿಗಳನ್ನು ಬಿಗಿದು, ಒಳಗೆ ಇನ್ನೊಂದು ಪದರ ಹೊಲಿದನು. ಬಾಗಿಲುಗಳ ಸುತ್ತ ರಬ್ಬರ್ ಬೀಡಿಂಗ್ ಕೂಡಿಸಿದನು. ಬೆರಳು ತೂರುವಷ್ಟು ಸಂದಿದ್ದರೂ ಸಾಕು, ಉಳಿದೆಲ್ಲ ಖರ್ಚು ಅದರೊಳಗಿಂದ ಸೋರಿಹೋಗುತ್ತದೆ. ನೆಲದ ಪತ್ರಾಕ್ಕೆ ಬ್ಯುಟೈಲ್ ರಬ್ಬರಿನ ಹಾಳೆಗಳನ್ನು ಅಂಟಿಸಿದನು. ಅಗ್ಗದ ಡಾಂಬರಿನ ಹಾಳೆ ಬೇಸಿಗೆಯ ಕಾವಿಗೆ ಮೆತ್ತಗಾಗಿ ವಾಸನೆ ಬಿಡುತ್ತದೆ ಎಂದು ಅದನ್ನು ಬೇಡವೆಂದನು. ಪತ್ರಾವನ್ನೆಲ್ಲ ಮುಚ್ಚಬೇಕೆಂದೂ ಇಲ್ಲ. ಬಯಲಾದ ಭಾಗದ ನಡುವೆ, ಮೂರರಲ್ಲೊಂದು ಪಾಲಿಗೆ ಅಂಟಿಸಿದರೂ ಅದರ ನಡುಕ ನಿಲ್ಲುತ್ತದೆ. ಡಣ್ ಎನ್ನುತ್ತಿದ್ದುದು ಧಪ್ ಎನ್ನತೊಡಗಿತು.

ಡಿಕ್ಕಿಯ ವಿಷಯಕ್ಕೆ ಬಂದಾಗ ಗುರೂಜಿ ಮೇಸ್ತ್ರಿಯ ಮಾತು ಕೇಳಲಿಲ್ಲ. ಮನೆಯಲ್ಲಿ ಎರಡು ಕರಿಯ ಕಂಬಳಿಗಳಿದ್ದವು. ಮಾಡಗ್ಯಾಳದ ಕುರಿ ಮಾಂಸಕ್ಕೆ ಹೆಸರುವಾಸಿ, ಉಣ್ಣೆ ಅದರಲ್ಲಿ ಕಡಿಮೆ. ಕಂಬಳಿಗೆ ದಖ್ಖನಿ ಕುರಿಯ ಒರಟು ಉಣ್ಣೆಯೇ ಆಗಬೇಕು. ಹುಣಸೆ ಬೀಜದ ಸರಿ ಕುಡಿದು ಬಿರುಸಾದ ಅಂಥ ಕಂಬಳಿಗಿಂತ ಒಳ್ಳೆಯ ಹಾಸು ಯಾವ ಅಂಗಡಿಯಲ್ಲಿ ಸಿಕ್ಕೀತು ಎಂಬುದು ಅವರ ವಾದ. ಉಣ್ಣೆ ಸದ್ದನ್ನು ಹೀರುತ್ತದೆ ಎಂಬುದೂ ನಿಜವೇ.

"ಕಂಬಳಿ ಹಾಸಿದ್ರ ಸದ್ದ ನಿಂದರತೈತಿ ಗುರೂಜಿ, ಖರೆ ನೀರೂ ನಿಂದರತೈತಿ" ಎಂದು ಮೇಸ್ತ್ರಿ ಹೇಳಿಯೇ ಇದ್ದನು.

ಗುರೂಜಿ ಕಂಬಳಿ ಹಾಸಿ, ಮೇಲೆ ರಬ್ಬರ್ ಮ್ಯಾಟು ಬಿಗಿದರು. ಹಿಂಗಡೆ ಶಾಂತವಾಯಿತು. ಮುಂದಿನ ಬೇಸಿಗೆಯಲ್ಲಿ ಎಂದಿನಂತೆ ನೀರಿನ ಕ್ಯಾನುಗಳು ಬಂದವು. ಮುಚ್ಚಳದಿಂದ ತುಳುಕಿದ ನೀರು ಮ್ಯಾಟಿನ ಅಂಚಿನಿಂದ ಇಳಿದು ಕಂಬಳಿ ಸೇರಿತು. ಮೇಲೆ ಒಣಗಿದಂತೆ ಕಂಡದ್ದು ಕೆಳಗೆ ತಿಂಗಳುಗಟ್ಟಲೆ ಹಸಿಯಾಗಿಯೇ ಇತ್ತು. ಒಂದು ದಿನ ಕಥೆಪುಸ್ತಕಗಳಿಗೆ ಮುಗ್ಗಲು ವಾಸನೆ ಹತ್ತಿದಾಗ ಎತ್ತಿ ನೋಡಿದರೆ, ಕಂಬಳಿಯ ಜೊತೆಗೆ ಪತ್ರಾದ ಹೊಟ್ಟು ಎದ್ದು ಬಂತು. ಮೂಲೆಯಲ್ಲಿ ರೂಪಾಯಿ ನಾಣ್ಯದಷ್ಟು ತೂತು. ಬರದ ನಾಡಿನಲ್ಲಿ ನೀರಿನಿಂದ ಗಾಡಿ ಹಾಳಾಗುವುದೆಂದರೆ ನಗಬೇಕೋ ಅಳಬೇಕೋ! ಅವ್ವಾರಂತೂ ನಕ್ಕರು.

ಮೇಸ್ತ್ರಿ ನಗಲಿಲ್ಲ. ತುಕ್ಕನ್ನು ಕೆರೆದು, ತೂತಿಗೆ ತುಂಡು ಬೆಸೆಸಿ, ರೆಡ್ ಆಕ್ಸೈಡ್ ಬಳಿದು ಮೇಲೆ ಬಣ್ಣ ಕೊಟ್ಟನು. ನೆಲದಲ್ಲಿ ನೀರು ಹರಿಯಲು ಮೊದಲಿನಿಂದಲೂ ಇದ್ದ, ಕಸ ಕಟ್ಟಿ ಮುಚ್ಚಿಹೋಗಿದ್ದ ರಂಧ್ರಗಳನ್ನು ಬಿಡಿಸಿದನು. ಕಂಬಳಿಯ ಬದಲು ನೀರು ಹೀರದ ದಪ್ಪ ಫೋಮಿನ ಹಾಳೆ; ಅದನ್ನು ಅಂಟಿಸದೆ, ವಾರಕ್ಕೊಮ್ಮೆ ಎತ್ತಿ ಬಿಸಿಲಿಗೆ ಹಾಕುವಂತೆ ಬಿಟ್ಟನು. ಅದರ ಮೇಲೆ ಕಟ್ಟಿಗೆಯ ಪಟ್ಟಿಗಳು, ಕ್ಯಾನು ಎಳೆದರೆ ಬಣ್ಣ ಕೆರೆಯದಂತೆ. ಪುಸ್ತಕಗಳಿಗಾಗಿ ಗುರೂಜಿ ತಮ್ಮ ಟ್ರೇನಿಂಗ್ ಕಾಲದ ತಗಡಿನ ಟ್ರಂಕನ್ನು ಅಟ್ಟದಿಂದ ಇಳಿಸಿದರು. ಮುಚ್ಚಳದ ಅಂಚಿಗೆ ಬಾಗಿಲಿನಿಂದ ಉಳಿದ ರಬ್ಬರ್ ಬೀಡಿಂಗ್ ಕೂಡಿತು. ಅದು ಮಳೆಗಿಂತ ಧೂಳಿಗೆ ಬೇಕಾಗಿತ್ತು: ಓಡುವ ಗಾಡಿಯ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ, ಗಾಲಿ ಎಬ್ಬಿಸಿದ ಧೂಳೆಲ್ಲ ಮರಳಿ ಡಿಕ್ಕಿಗೇ ನುಗ್ಗುತ್ತದೆ. ಮುಂದಿನವರ ಮುಖಕ್ಕಿಂತ ಹಿಂದಿನ ಪುಸ್ತಕ ಹೆಚ್ಚು ಕೆಂಪಾಗುತ್ತಿದ್ದುದು ಇದರಿಂದ.

ಇಷ್ಟಾದರೂ ಜೀಪು ಕಾರಾಗಲಿಲ್ಲ. 10 ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಅರ್ಧವಾದಂತೆ ತೋರುತ್ತದೆನ್ನುತ್ತಾರೆ. ಇಲ್ಲಿ ಅಷ್ಟು ಇಳಿದಿರಲಾರದು. ಉಳಿದದ್ದನ್ನು ಅವ್ವಾರು ಒಂದು ಪೈಸೆ ಖರ್ಚಿಲ್ಲದೆ ಇಳಿಸಿದರು. ಮುಳ್ಳು 50 ದಾಟಿದರೆ ಅವರ ಕೈ ಗುರೂಜಿಯ ತೋಳಿನ ಮೇಲೆ ಬರುತ್ತಿತ್ತು. ಗಾಳಿಯ ಸದ್ದು ವೇಗಕ್ಕಿಂತ ಎಷ್ಟೋ ತೀವ್ರವಾಗಿ ಏರುವಂಥದು, ಹಾಗೆಯೇ ಇಳಿಯುವಂಥದು.

ಆ ನವೆಂಬರಿನಲ್ಲಿ ಟ್ರಂಕು ತುಂಬಿಕೊಂಡು ವಿಜಯಪುರದಿಂದ ಹೊರಟರು. ಹಲಗೆಗಳ ಮೇಲಿನ ಅಕ್ಷರ ಕನ್ನಡದಿಂದ ದೇವನಾಗರಿಗೆ ಹೊರಳುವ ಹೊತ್ತಿಗೆ ರಸ್ತೆಯ ಮೈಯೂ ಬದಲಾಗಿ, ಗಾಲಿಗಳ ನಾದ ಒಂದು ಸುತ್ತು ತಗ್ಗಿತು. ಅವ್ವಾರು ಸೆರಗನ್ನು ಕಿವಿಯಿಂದ ಸರಿಸಿದರು.

"ಏನ್ರೀ, ಹಿಂದ ಜಾಕ್ ಬಡ್ಯಾಕತ್ತೈತಿ."

ದೊಡ್ಡ ಸದ್ದು ಇಳಿದಾಗ ಅದರಡಿಯಲ್ಲಿದ್ದ ಸಣ್ಣ ಸದ್ದುಗಳು ಮೇಲೆ ಬರುವುದುಂಟು. ಗುರೂಜಿ ತಲೆ ವಾಲಿಸಿ ಆಲಿಸಿದರು. ಜಾಕಿನ ಟಿಣಿಟಿಣಿ ಅವರಿಗೆ ಕೇಳಲೇ ಇಲ್ಲ. ಆದರೂ ಗಾಡಿಯನ್ನು ಬದಿಗೆ ನಿಲ್ಲಿಸಿ ಇಳಿದು ಹೋಗಿ, ಮೂಲೆಯಲ್ಲಿ ಉಳಿದಿದ್ದ ಕಂಬಳಿಯ ತುಂಡನ್ನು ಜಾಕಿಗೆ ಸುತ್ತಿ ಕಟ್ಟಿದರು. ಮರಳಿ ಬಂದು ಕುಳಿತು, ಮಗಳ ಮನೆಯ ಸುದ್ದಿ ಏನೆಂದು ಕೇಳಿದರು.