ಈಳಿಗೆಮಣೆಗೆ ತುರಿಯುವ ಹಲ್ಲು

ಈಳಿಗೆಮಣೆಯ ಅಲಗಿನ ತುದಿಗೆ ಕಾಯಿ ತುರಿಯುವ ಹಲ್ಲನ್ನು ಮೊದಲು ಕೂಡಿಸಿದವರು ಯಾರೋ! ಕಮ್ಮಾರನಿಗೇ ಹೊಳೆದಿರಬಹುದು. ಆದರೆ ದಿನವೂ ಅದರ ಮೇಲೆ ಕೂತು ಹೆಚ್ಚುತ್ತಿದ್ದ ಹೆಂಗಸೊಬ್ಬಳು ಕಮ್ಮಾರನಿಗೆ ಹೇಳಿ ಮಾಡಿಸಿಕೊಂಡಿರಬೇಕು ಎನ್ನುವುದೇ ಹೆಚ್ಚು ನಂಬುವಂಥ ಮಾತು.

ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯುವವರಿಗೂ ಇಂಥದೊಂದು ಮಣೆ ಉಂಟು. ಬರೆಯುವುದು, ತಿದ್ದುವುದು, ತಪ್ಪು ಹುಡುಕುವುದು ಎಲ್ಲ ನಡೆಯುವುದು ಅಲ್ಲೇ. ಅದಕ್ಕೆ ಕೂಡಿಸುವ ಹಲ್ಲುಗಳಿಗೆ ಆಡ್-ಇನ್, ಪ್ಲಗ್-ಇನ್, ಎಕ್ಸ್‌ಟೆನ್ಷನ್ ಎಂದು ನಾನಾ ಹೆಸರು.

1970ರ ದಶಕದಲ್ಲಿ ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಟೆಕೊ ಎಂಬ ತಿದ್ದುಪಡಿ ಸಾಧನವಿತ್ತು. ಅದರ ಆಜ್ಞೆಗಳೆಲ್ಲ ಒಂದೆರಡು ಅಕ್ಷರಗಳ ಮಂತ್ರಗಳಂತಿದ್ದವು. ಹಲವು ಆಜ್ಞೆಗಳನ್ನು ಪೋಣಿಸಿ ಒಂದು ಕೀಲಿಗೆ ಕಟ್ಟಿಬಿಡಬಹುದಿತ್ತು. ಇದಕ್ಕೆ ಮ್ಯಾಕ್ರೊ ಎಂದು ಹೆಸರು. ಸರಿ, ಒಬ್ಬೊಬ್ಬರೂ ತಮಗೆ ತೋಚಿದಂತೆ ಕಟ್ಟಿಕೊಂಡರು. ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕೂತರೆ ಪರರ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಹುಡುಕಿದ ಹಾಗೆ! 1976ರಲ್ಲಿ ಗೈ ಸ್ಟೀಲ್ ಇವನ್ನೆಲ್ಲ ಒಟ್ಟುಗೂಡಿಸಲು ಹೊರಟರು. ಕೆಲಸವನ್ನು ಮುಂದುವರಿಸಿದವರು ರಿಚರ್ಡ್ ಸ್ಟಾಲ್‌ಮನ್. ಹಾಗೆ ಹುಟ್ಟಿದ್ದು ಈಮ್ಯಾಕ್ಸ್. ಯಾರು ಬೇಕಾದರೂ ಒಯ್ಯಬಹುದು, ಆದರೆ ಮಾಡಿದ ಸುಧಾರಣೆಗಳನ್ನು ಮರಳಿ ಕೊಡಬೇಕು ಎಂಬುದು ಷರತ್ತು. ಮೊಸರಿಗೆ ಹೆಪ್ಪು ಕೊಟ್ಟು ತರುವ ನೆರೆಹೊರೆಯ ಲೆಕ್ಕ.

ನಿಜವಾದ ಸ್ವಾರಸ್ಯವಿರುವುದು ಇದರ ಮುಂದಿನ ಕತೆಯಲ್ಲಿ. 1978ರಲ್ಲಿ ಬರ್ನಾರ್ಡ್ ಗ್ರೀನ್‌ಬರ್ಗ್ ಇನ್ನೊಂದು ಈಮ್ಯಾಕ್ಸನ್ನು ಲಿಸ್ಪ್ ಭಾಷೆಯಲ್ಲಿ ಬರೆದರು. ಹೊಸ ಆಜ್ಞೆ ಸೇರಿಸುವುದು ಅದರಲ್ಲಿ ಎಷ್ಟು ಸಲೀಸಾಯಿತೆಂದರೆ, ಅವರ ಕಚೇರಿಯ ಸೆಕ್ರೆಟರಿಗಳೂ ಕಲಿಯತೊಡಗಿದರು. ಅವರ ಕೈಗೆ ಒಂದು ಕೈಪಿಡಿ ಸಿಕ್ಕಿತ್ತು. ಹೊಸ ಸೌಲಭ್ಯ ಜೋಡಿಸುವ ಬಗೆಯನ್ನು ಅದು ಹೇಳುತ್ತಿತ್ತು. ಇದೇ ಪ್ರೋಗ್ರಾಮಿಂಗ್ ಎಂದು ಮಾತ್ರ ಎಲ್ಲೂ ಹೇಳಿರಲಿಲ್ಲ. ಪ್ರೋಗ್ರಾಮಿಂಗ್ ತಮ್ಮಿಂದಾಗದು ಎಂದೇ ನಂಬಿದ್ದ ಆ ಸೆಕ್ರೆಟರಿಗಳು ಹೆದರದೆ ಬರೆದರು, ಬರೆದದ್ದು ಕೆಲಸ ಮಾಡಿತು! 2002ರ ಭಾಷಣವೊಂದರಲ್ಲಿ ಸ್ಟಾಲ್‌ಮನ್ ಈ ಸಂಗತಿಯನ್ನು ನೆನೆದಿದ್ದಾರೆ.

'ನಮ್ಮ ಮಗನಿಗೆ ಗಣಿತ ಹತ್ತುವುದಿಲ್ಲ ಸಾರ್' ಎಂದು ಮಗನ ಎದುರಿಗೇ ಹೇಳುವ ತಂದೆಯರು ಇದನ್ನು ಎರಡು ಸಲ ಓದಬೇಕು. ಹತ್ತದಿರುವುದು ಗಣಿತವೋ, ಗಣಿತ ಎಂಬ ಹೆಸರೋ?

1985ರಲ್ಲಿ ಸ್ಟಾಲ್‌ಮನ್ ಹೊರತಂದ ಗ್ನೂ ಈಮ್ಯಾಕ್ಸ್‌ನಲ್ಲೂ ಲಿಸ್ಪ್ ಉಂಟು. ಕೀಲಿ ಒತ್ತಿದಾಗಲೆಲ್ಲ ಒಂದು ಪುಟ್ಟ ಲಿಸ್ಪ್ ಆಜ್ಞೆ ಓಡುತ್ತದೆ; ಅದನ್ನು ಬದಲಿಸಿದರೆ ಯಂತ್ರ ನಿಲ್ಲಿಸದೆಯೇ ಕೀಲಿಯ ಗುಣ ಬದಲಾಗುತ್ತದೆ. ಓಡುತ್ತಿರುವ ಬಸ್ಸಿನ ಗಾಲಿ ಬದಲಿಸಿದ ಹಾಗೆ, ಬಸ್ಸು ಮಗುಚುವುದೂ ಉಂಟು! ಬೇರೆಯವರು ಬರೆದದ್ದನ್ನು ಜೋಡಿಸುವಾಗ ಇನ್ನೂ ಎಚ್ಚರ ಬೇಕು. ಒಳಗೆ ಬಂದ ಮೇಲೆ ಅದು ಮನೆಯವರಷ್ಟೇ ಸಲಿಗೆಯಿಂದ ಕಡತಗಳನ್ನೆಲ್ಲ ಮುಟ್ಟಬಲ್ಲದು.

ರಾತ್ರಿಯಿಡೀ ಪರದೆಯ ಬಣ್ಣವನ್ನಷ್ಟೇ ಬದಲಿಸುತ್ತ ಹೋಂವರ್ಕ್ ಮರೆಯುವ ಹುಡುಗರೂ ಇದ್ದಾರೆ, ಅವರ ಮಾತು ಬೇರೆ. ಈಮ್ಯಾಕ್ಸ್ ಈಗಲೂ ಪುಕ್ಕಟೆ ಸಿಗುತ್ತದೆ, ಕನ್ನಡ ಅಕ್ಷರ ಮೂಡಿಸುವ ಏರ್ಪಾಡೂ ಅದರಲ್ಲಿದೆ. ಒಂದು ಕೀಲಿ ಒತ್ತಿದರೆ ಆ ದಿನದ ತಾರೀಖು ಮೂಡುವಂತೆ ಮಾಡಲು ನಾಲ್ಕೈದು ಸಾಲು ಸಾಕು. ರಜೆಯಲ್ಲಿ ಮಗಳು ಅದನ್ನು ಬರೆಯುತ್ತ ಕೂತಿದ್ದರೆ, ಅದು ಪ್ರೋಗ್ರಾಮಿಂಗ್ ಎಂದು ಕೂಡಲೇ ಹೇಳಿಬಿಡಬೇಡಿ.