ಕೊರವಂಗಲದ ಹಿಟ್ಟಿನ ಲಂಗ

ಹಾಸನದ ಸೀಮೆಯನ್ನು ನೋಡಬಂದ ಯಾತ್ರಿಕರು ಸಾಮಾನ್ಯವಾಗಿ ಬೇಲೂರು ಹಳೇಬೀಡುಗಳನ್ನು ಕಂಡು, ಶ್ರವಣಬೆಳಗೊಳದ ಬೆಟ್ಟವನ್ನೇರಿ, ತೃಪ್ತರಾಗಿ ಹಿಂದಿರುಗುವರು. ಆ ಮಹಾಕ್ಷೇತ್ರಗಳ ಕೀರ್ತಿಯ ನೆರಳಿನಲ್ಲಿ ಸಣ್ಣ ಗ್ರಾಮಗಳ ದೇವಾಲಯಗಳು ಅನೇಕವು ಮರೆಯಾಗಿವೆ. ಅಂಥವುಗಳಲ್ಲಿ ಕೊರವಂಗಲದ ಬೂಚೇಶ್ವರನ ಗುಡಿಯೂ ಒಂದು. ನಮ್ಮ ಹಳೆಯ ಶಿಷ್ಯರೊಬ್ಬರು ಆ ಗ್ರಾಮದಲ್ಲಿ ಗೃಹಸ್ಥರಾಗಿದ್ದು, "ಮೇಷ್ಟ್ರೇ, ಒಮ್ಮೆ ನಮ್ಮೂರಿಗೆ ಬರಬೇಕು" ಎಂದು ವರ್ಷಗಳಿಂದ ಕರೆಯುತ್ತಲೇ ಇದ್ದರು. ಕಳೆದ ಕಾರ್ತಿಕ ಮಾಸದಲ್ಲಿ ಅವರ ಮಗಳ ಹುಟ್ಟುಹಬ್ಬದ ನೆಪದಿಂದ ಆ ಕರೆಯು ಮತ್ತೊಮ್ಮೆ ಬರಲಾಗಿ, ನಾವು ಹೊರಟೆವು.

ಹಾಸನದಿಂದ ಈಶಾನ್ಯಕ್ಕೆ ಸುಮಾರು 10 ಕಿಲೋಮೀಟರು ದೂರದಲ್ಲಿದೆ ಈ ಗ್ರಾಮ. ಅರಸೀಕೆರೆಯ ಮಾರ್ಗದಲ್ಲಿ ಹೋಗುವ ಬಸ್ಸಿನಿಂದ ಕವಲುದಾರಿಯಲ್ಲಿ ಇಳಿದು, ಉಳಿದ ದಾರಿಯನ್ನು ನಡೆದೇ ಸವೆಸಿದೆವು. ಎರಡು ಕಡೆಗಳಲ್ಲಿಯೂ ರಾಗಿಯ ಹೊಲಗಳು ತೆನೆ ಬಾಗಿ ಕೊಯಿಲಿಗೆ ಸಿದ್ಧವಾಗಿದ್ದವು. ಕೆಲವು ಕಡೆ ಕೊಯ್ದ ಪೈರನ್ನು ಸಾಲಾಗಿ ಹಾಸಿದ್ದರು. ತೆಂಗಿನ ಮರಗಳ ನಡುವೆ ಗುಡಿಯ ಶಿಖರವು ಕಂಡಿತು.

ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನಿಗೆ ಪಟ್ಟಾಭಿಷೇಕವಾದ ಕ್ರಿ. ಶ. 1173ರಲ್ಲಿ, ಆ ಮಹೋತ್ಸವದ ಸ್ಮರಣಾರ್ಥವಾಗಿ ಬೂಚಿರಾಜನೆಂಬ ಶ್ರೀಮಂತನು ಇದನ್ನು ಕಟ್ಟಿಸಿದನು. ಇಲ್ಲಿ ಶಿವನ ಗರ್ಭಗುಡಿಯೂ ಸೂರ್ಯನ ಗರ್ಭಗುಡಿಯೂ ಒಂದಕ್ಕೊಂದು ಎದುರಾಗಿದ್ದು, ನಡುವೆ ಮಂಟಪವಿದೆ. ಕಲ್ಲಿನ ಆನೆಗಳು ಮಂಟಪದ ಬಾಗಿಲನ್ನು ಕಾಯುತ್ತಿವೆ. ನಾವು ಮಾತ್ರ ಹೊರಗೋಡೆಯ ವಿಗ್ರಹಗಳ ಉಡುಗೆಯನ್ನು ನೋಡುತ್ತ ಬಹಳ ಹೊತ್ತು ನಿಂತೆವು. ಬಟ್ಟೆಯ ಅಂಚನ್ನು ಕಾಲಿನ ಮೇಲೆ ಒಂದೇ ಒಂದು ತೆಳುವಾದ ಗೆರೆಯಿಂದ ತೋರಿಸಿ, ಸೊಂಟದ ಪಟ್ಟಿಯಿಂದ ಇಳಿದ ಕುಚ್ಚುಗಳನ್ನು ಬಿಡಿಬಿಡಿಯಾಗಿ ಕಂಡರಿಸಿರುವರು. ಹೊಯ್ಸಳ ಶಿಲ್ಪಿಗಳು ಬಳಸಿದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದುವಾಗಿದ್ದು ಉಳಿಗೆ ಸುಲಭವಾಗಿ ಒಗ್ಗುತ್ತದೆ. ಗಾಳಿಗೆ ತೆರೆದಿಟ್ಟಂತೆ ಗಟ್ಟಿಯಾಗುತ್ತದೆ. ಈ ಗುಣದಿಂದಲೇ ಇಷ್ಟು ಸೂಕ್ಷ್ಮವಾದ ಕೆಲಸವು ಸಾಧ್ಯವಾಯಿತು. ಈ ಸಂಗತಿಯನ್ನು ವಾಚಕರು ಸ್ವಲ್ಪ ನೆನಪಿನಲ್ಲಿಟ್ಟಿರಬೇಕೆಂದು ಕೋರುತ್ತೇವೆ. ಮುಂದೆ ಅದರ ಪ್ರಸಕ್ತಿ ಬರುವುದು.

ಮಧ್ಯಾಹ್ನ ಶಿಷ್ಯರ ಮನೆಯನ್ನು ಸೇರಿದಾಗ ಅಲ್ಲಿ ಹಬ್ಬದ ಸಡಗರವೇನೋ ಇದ್ದಿತು. ಆದರೆ ಅದರೊಳಗೆ ಏನೋ ಒಂದು ಮುಸುಕು. ಮನೆಯ ಹಿರಿಯರಾದ ಶಿಷ್ಯರ ತಾಯಿಯವರು ನಡುಮನೆಯ ಮೂಲೆಯಲ್ಲಿ ಗೋಡೆಯ ಕಡೆ ಮುಖಮಾಡಿ ಕುಳಿತಿದ್ದರು. ಕಾರಣವನ್ನು ಶಿಷ್ಯರು ಜಗುಲಿಯಲ್ಲಿ ತಗ್ಗಿದ ದನಿಯಿಂದ ತಿಳಿಸಿದರು.

ಆ ತಾಯಿ ಎಳೆಯ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡವರು. ಕೈಯಿಂದ ತಿರುಗಿಸುವ ಒಂದು ಹೊಲಿಗೆಯ ಯಂತ್ರವನ್ನಿಟ್ಟುಕೊಂಡು ಊರಿನ ರವಿಕೆ ಲಂಗಗಳನ್ನು ಹೊಲಿದು ಮಗನನ್ನು ಓದಿಸಿದರು. ಮೊಮ್ಮಗಳು ಹುಟ್ಟಿದ ಮೇಲೆ ಪ್ರತಿ ಹುಟ್ಟುಹಬ್ಬಕ್ಕೂ ಜರಿಯಂಚಿನ ಲಂಗವೊಂದನ್ನು ತಾವೇ ಹೊಲಿಯುವುದು ಅವರ ವ್ರತವಾಗಿತ್ತು. ಈ ಎಂಟನೆಯ ವರ್ಷ ಕೈ ನಡುಗಲಾರಂಭಿಸಿತು. ಬಟ್ಟೆಯನ್ನು ಕತ್ತರಿಸಿದರು, ಹೊಲಿಗೆ ನೆಟ್ಟಗೆ ಬರಲಿಲ್ಲ. ಮೂರು ಸಾರಿ ಬಿಚ್ಚಿ, ನಾಲ್ಕನೆಯ ಸಾರಿ ಅದನ್ನು ಸುತ್ತಿ ಪೆಟ್ಟಿಗೆಗೆ ಹಾಕಿ ಮುಚ್ಚಳ ಮುಚ್ಚಿದರು. ಇದನ್ನು ಕಂಡ ಸೊಸೆ, ಹಾಸನದಲ್ಲಿ ಬೇಕರಿಯ ಕೆಲಸವನ್ನು ಕಲಿತು ಬಂದಿದ್ದವಳು, ಅತ್ತೆಯ ಹಳೆಯ ಕಾಗದದ ಅಳತೆಯನ್ನೇ ಇಟ್ಟು ಲಂಗದ ಆಕಾರದ ಕೇಕನ್ನು ಮಾಡುವೆನೆಂದು ಹೊರಟಳು. ಅತ್ತೆಗೆ ಸಮಾಧಾನವಾದೀತೆಂದು ಅವಳ ಎಣಿಕೆ. ಆಗಿದ್ದು ವಿಪರೀತ. "ನನ್ನ ಕೈಲಿ ಆಗದ್ದನ್ನು ಹಿಟ್ಟಿನಲ್ಲಿ ಮಾಡಿ ಊರಿಗೆ ತೋರಿಸುವುದೇ? ಹುಟ್ಟಿದ ದಿನ ಮಗುವಿನ ಬಟ್ಟೆಗೆ ಚಾಕು ಹಾಕುವುದೇ?" ಎಂದು ಹಿರಿಯರು ಊಟವನ್ನೂ ಒಲ್ಲೆನೆಂದರು.

"ಮೇಷ್ಟ್ರೇ, ಶಾಸ್ತ್ರ ಬಲ್ಲವರು ನೀವು. ಒಂದು ಮಾತು ಹೇಳಿ" ಎಂದರು ಶಿಷ್ಯರು.

ನಾವು ನಡುಮನೆಗೆ ಹೋಗಿ ಕುಳಿತು, ನಮಗೆ ತಿಳಿದಷ್ಟನ್ನು ಹೇಳಿದೆವು. ಹಿಟ್ಟಿನಿಂದ ಬಟ್ಟೆಯನ್ನು ಅನುಕರಿಸುವುದು ನಮ್ಮಲ್ಲಿ ಹೊಸತಲ್ಲ. ಬೆಳಗಾವಿಯ ಮಂಡಿಗೆಯನ್ನು ಕೈಮೇಲೆ ಹಿಗ್ಗಿಸಿ, ಬೋರಲು ಹಾಕಿದ ಬಾಣಲೆಯ ಮೇಲೆ ಬೇಯಿಸಿ, ಬಿಸಿಯಿರುವಾಗಲೇ ಧೋತ್ರದಂತೆ ಮಡಿಸುವರು. ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮಂಡಕದ ಪಾಕವು ಉಕ್ತವಾಗಿದೆ. 16ನೆಯ ಶತಮಾನದ ಮೊದಲಲ್ಲಿದ್ದ ಮೂರನೆಯ ಮಂಗರಸನು ತನ್ನ ಸೂಪಶಾಸ್ತ್ರದಲ್ಲಿ ಪಿಷ್ಟಪಾಕಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಕೇಕು ಪರದೇಶದ್ದೆಂಬುದು ನಿಜವಾದರೂ, ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಬೇಕರಿಯನ್ನು ತೆರೆದು ಅಯ್ಯಂಗಾರ್ ಬೇಕರಿಗಳ ಪರಂಪರೆಗೆ ಮೊದಲಾದ ತಿರುಮಲಾಚಾರ್ಯರು ಹಾಸನದ ಸೀಮೆಯವರೇ. ಮೊಟ್ಟೆಯಿಲ್ಲದ ತಿನಿಸುಗಳಿಂದ ಆ ಬೇಕರಿಗಳು ಶಾಕಾಹಾರಿಗಳ ಮನೆಮನೆಗಳನ್ನೂ ಮುಟ್ಟಿದವು. ಹೀಗೆ ನಮ್ಮ ವಾದವು ಸಾಗಿತು.

ಹಿರಿಯರು ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. "ನಿಮ್ಮ ಪುಸ್ತಕದಲ್ಲಿ ಇದ್ದೀತು, ಮೇಷ್ಟ್ರೇ. ನನ್ನ ಕೈಗೆ ಬರಲಿಲ್ಲವಲ್ಲ" ಎಂದರು. ಮೂವತ್ತು ವರ್ಷ ಪಾಠ ಹೇಳಿದ ನಮಗೆ ಅದಕ್ಕೆ ಉತ್ತರ ತೋಚಲಿಲ್ಲ. ಎದ್ದು ಅಡಿಗೆಮನೆಯ ಹೊಸ್ತಿಲಿಗೆ ಹೋಗಿ ಕುಳಿತೆವು.

ಅಲ್ಲಿ ಕೆಲಸವು ನಡೆಯುತ್ತಿತ್ತು. ಗೃಹಿಣಿಯರಿಗೆ ಉಪಯುಕ್ತವಾದೀತೆಂದು ಕ್ರಮವನ್ನು ಬರೆಯುತ್ತೇವೆ. ಒಂದು ಬಟ್ಟಲು ಗಟ್ಟಿ ಮೊಸರಿಗೆ ಮುಕ್ಕಾಲು ಬಟ್ಟಲು ಸಕ್ಕರೆಯನ್ನು ಕದಡಿ, ಒಂದೂಕಾಲು ಸಣ್ಣ ಚಮಚ ಬೇಕಿಂಗ್ ಪುಡಿಯನ್ನೂ ಅರ್ಧ ಚಮಚ ಅಡಿಗೆ ಸೋಡಾವನ್ನೂ ಬೆರೆಸಿ 5 ನಿಮಿಷ ಬಿಡಬೇಕು. ಮೊಸರಿನ ಹುಳಿಯೂ ಸೋಡಾದ ಕ್ಷಾರವೂ ಕೂಡಿ ಇಂಗಾಲಾಮ್ಲವಾಯುವು ಹುಟ್ಟಿ ನೊರೆಯೇಳುವುದು. ಮೊಟ್ಟೆಯಿಲ್ಲದೆ ಕೇಕನ್ನು ಉಬ್ಬಿಸುವ ರಹಸ್ಯವಿದೇ. ಆಮೇಲೆ ಅರ್ಧ ಬಟ್ಟಲು ವಾಸನೆಯಿಲ್ಲದ ಎಣ್ಣೆ, ಒಂದೂವರೆ ಬಟ್ಟಲು ಜರಡಿ ಹಿಡಿದ ಮೈದಾ. ಹಿಟ್ಟನ್ನು ಸೇರಿಸಿದ ಮೇಲೆ ಹೆಚ್ಚು ತಿರುವಿದರೆ ಕೇಕು ನಾರಾಗುವುದು. 180 ಡಿಗ್ರಿ ಶಾಖದಲ್ಲಿ 35ರಿಂದ 40 ನಿಮಿಷ ಬೇಯಬೇಕು. ಆ ಸೊಸೆಯು ಹಿಂದಿನ ದಿನವೇ ಇಂಥ ಎರಡು ಚೌಕಗಳನ್ನು ಬೇಯಿಸಿ ರಾತ್ರಿ ಆರಲು ಬಿಟ್ಟಿದ್ದಳು. ಬಿಸಿಯ ಕೇಕನ್ನು ಕತ್ತರಿಸಿದರೆ ಪುಡಿಯಾಗುವುದಂತೆ.

ಒಂದು ಚೌಕದ ಮೇಲೆ ಅತ್ತೆಯ ಕಾಗದವನ್ನಿಟ್ಟು, ಎರಡು ಪಕ್ಕಗಳನ್ನೂ ಓರೆಯಾಗಿ ಕೊಯ್ದು, ಮೇಲೆ ಕಿರಿದಾಗಿಯೂ ಕೆಳಗೆ ಅಗಲವಾಗಿಯೂ ಲಂಗದ ಆಕಾರವನ್ನು ಬಿಡಿಸಿದಳು. ಎರಡನೆಯ ಚೌಕದಿಂದ ರವಿಕೆಯ ಮೈಯಾಯಿತು. ಓರೆಯಾಗಿ ಕೊಯ್ದ ತುಂಡುಗಳು ತೋಳುಗಳಿಗೆ ಒದಗಿದವು. ತುಂಡುಗಳನ್ನು ಕೂಡಿಸಿ, ಬಿಸಿಮಾಡಿದ ಜಾಮನ್ನು ಮೇಲೆ ಸವರಿದಳು. ಹೊದಿಕೆಗೆ ಅಂಗಡಿಯ ಸಕ್ಕರೆಯ ಕಣಕವನ್ನು ತರಿಸಲಿಲ್ಲ. ಹಲವು ಬಗೆಯವುಗಳಲ್ಲಿ ಪ್ರಾಣಿಜನ್ಯವಾದ ಜೆಲಟಿನ್ ಇರುವುದರಿಂದ ಅತ್ತೆಯವರಿಗೆ ಸಲ್ಲದು. ಅದರ ಬದಲು ಹಾಲಿನ ಪುಡಿ, ಪುಡಿಸಕ್ಕರೆ ಇವೆರಡನ್ನೂ ಸಮಭಾಗವಾಗಿ ತೆಗೆದುಕೊಂಡು, ಡಬ್ಬಿಯ ಗಟ್ಟಿಹಾಲನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತ ಚಪಾತಿಯ ಹಿಟ್ಟಿನ ಹದಕ್ಕೆ ನಾದಿದ್ದಳು. ಇಂಗಿಸಿದ ಬೀಟ್‌ರೂಟಿನ ರಸದಿಂದ ಕೆಂಪು ಬಣ್ಣ. ಅಂಚಿನ ಜರಿಗೆ ಹಾಲಿನಲ್ಲಿ ಅರೆದ ಕೇಸರಿ. ಈ ಕಣಕವು ಗಾಳಿಗಿಟ್ಟರೆ ಬಿರುಸಾಗುವುದರಿಂದ ಒದ್ದೆಬಟ್ಟೆಯಿಂದ ಮುಚ್ಚಿಟ್ಟಿದ್ದಳು. ನಮಗೆ ಬೆಳಿಗ್ಗೆ ಕಂಡ ಬಳಪದ ಕಲ್ಲಿನ ನೆನಪಾಯಿತು.

ಆದರೆ ನೆರಿಗೆಗಳು ನಿಲ್ಲಲಿಲ್ಲ. ತೆಳ್ಳಗೆ ಲಟ್ಟಿಸಿ, ಹೆಣಿಗೆಯ ಕಡ್ಡಿಗಳ ಮೇಲೆ ಹಾಸಿ ಒತ್ತಿ, ಕಡ್ಡಿಗಳನ್ನು ಎಳೆದ ಕೂಡಲೆ ಅವು ಚಪ್ಪಟೆಯಾಗಿ ಮಲಗಿಬಿಡುತ್ತಿದ್ದವು. ಗಟ್ಟಿಹಾಲು ಹೆಚ್ಚಾಗಿತ್ತೆಂದು ಹಾಲಿನ ಪುಡಿಯನ್ನು ಸೇರಿಸಿ ಮತ್ತೆ ನಾದಿದಳು. ಎರಡನೆಯ ಸಾರಿ ಸ್ವಲ್ಪ ನಿಂತವು. ಆದರೂ ಅದು ಲಂಗದಂತೆ ಕಾಣದೆ ತಗಡಿನ ಮಾಡಿನಂತೆ ಕಾಣುತ್ತಿತ್ತು. ಆಕೆಯ ಕಣ್ಣಲ್ಲಿ ನೀರು ಬಂತು. "ಅತ್ತೆ, ನೆರಿಗೆ ಬರುತ್ತಿಲ್ಲ" ಎಂದು ಕುಳಿತಲ್ಲಿಂದಲೇ ಕೂಗಿದಳು. ಅದು ಉಪಾಯದ ಮಾತಾಗಿರಲಿಲ್ಲ.

ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಹಿರಿಯರು ಗೋಡೆ ಹಿಡಿದು ಬಂದು ನಮ್ಮ ಪಕ್ಕದಲ್ಲಿ ನಿಂತರು.

"ಎಲ್ಲ ಒಂದೇ ಸಮ ಮಾಡಿದರೆ ಹೇಗೆ ಬರುತ್ತದೆ? ಸೊಂಟದಲ್ಲಿ ಒತ್ತು, ಕೆಳಗೆ ಬಿಡು. ಒಂದೇ ಕಡೆಗೆ ಮಲಗಬೇಕು. ಅಂಚು ಕೊನೆಗೆ ಬರಲಿ."

ಹೇಳಿ ಹೇಳಿ ಸಾಕಾಗಿ ತಾವೇ ಮಣೆ ಎಳೆದುಕೊಂಡು ಕುಳಿತರು. ಸೂಜಿಯನ್ನು ಹಿಡಿಯಲಾರದ ಆ ಬೆರಳುಗಳು ಕಣಕವನ್ನು ಸೊಂಟದ ಬಳಿ ಚಿವುಟಿ ಚಿವುಟಿ ಕೂಡಿಸಿದವು. ಕೈ ನಡುಗುತ್ತಲೇ ಇತ್ತು. ನಡುಗಿದಲ್ಲೆಲ್ಲ ನೆರಿಗೆಯು ಕೊಂಚ ಅಲೆಯಾಡಿ, ನಿಜವಾದ ಬಟ್ಟೆಯಂತೆಯೇ ಬಿದ್ದಿತು. ಅರ್ಧ ಗಂಟೆಯಲ್ಲಿ ಲಂಗವು ಮುಗಿಯಿತೆಂದು ಸೊಸೆಯು ಅಂಚನ್ನು ತರಹೋದಾಗ, "ತಡಿ, ಮಡಿಕೆ ಎಲ್ಲಿ?" ಎಂದರು.

ಹೆಣ್ಣುಮಕ್ಕಳ ಲಂಗವನ್ನು ಹೊಲಿಯುವಾಗ ಕೆಳಭಾಗದಲ್ಲಿ ಅಡ್ಡಲಾಗಿ ಒಂದೆರಡು ಮಡಿಕೆಗಳನ್ನು ಹಿಡಿದು ಹೊಲಿಯುವುದು ನಮ್ಮ ಮನೆಗಳ ಪದ್ಧತಿ. ಮಗುವು ಬೆಳೆದಂತೆ ಅವುಗಳನ್ನು ಬಿಚ್ಚಿದರೆ ಲಂಗವು ಉದ್ದವಾಗುವುದು. ಒಂದೇ ಬಟ್ಟೆ ಎರಡು ಮೂರು ವರ್ಷ ಬರುವುದು.

"ಕೇಕಿಗೇಕೆ ಮಡಿಕೆ, ಅತ್ತೆ? ಸಂಜೆಗೆ ಮುಗಿದುಹೋಗುತ್ತದೆ" ಎಂದು ಸೊಸೆ ನಕ್ಕಳು.

ಹಿರಿಯರು ನಗಲಿಲ್ಲ. "ಹುಡುಗಿ ಬೆಳೆಯುತ್ತಾಳೆ. ಮಡಿಕೆ ಇಲ್ಲದೆ ಲಂಗ ಹೊಲಿದವಳಲ್ಲ ನಾನು" ಎಂದರು. ಎರಡು ಮಡಿಕೆಗಳು ಆದವು.

ಸಂಜೆ ದೀಪ ಹಚ್ಚಿ, ಮಗುವಿಗೆ ಆರತಿ ಎತ್ತಿ, ತಟ್ಟೆಯನ್ನು ತಂದಿಟ್ಟರು. ನೆರೆಯವರು ಮಕ್ಕಳೊಡನೆ ನೆರೆದಿದ್ದರು. ಹುಡುಗಿ ಕೆಂಪು ಲಂಗವನ್ನು ನೋಡಿ ಮುಟ್ಟಲು ಹೋಗಿ ಕೈ ಹಿಂತೆಗೆದು, "ಅಜ್ಜಿ ಹೊಲಿದದ್ದೇ?" ಎಂದು ಕೇಳಿದಳು. "ಹೌದು" ಎಂದಳು ಸೊಸೆ, ಅತ್ತೆ ಬಾಯಿ ತೆರೆಯುವ ಮೊದಲೇ. ಆಗ ಚಾಕುವಿನ ಪ್ರಶ್ನೆ ಬಂತು. ನಾವು ಈ ಸಾರಿ ಸುಮ್ಮನಿದ್ದೆವು. ಹಿರಿಯರೇ ರವಿಕೆಗೂ ತೋಳಿಗೂ ನಡುವಣ ಸಂದನ್ನು ತೋರಿಸಿ, "ಹೊಲಿಗೆಯ ಮೇಲೇ ಹೋಗು, ಮಗು. ಹೊಲಿಗೆಯನ್ನು ಬಿಚ್ಚಿದರೆ ಬಟ್ಟೆ ಕೆಡುವುದಿಲ್ಲ" ಎಂದರು. ತೋಳು, ರವಿಕೆ, ಆಮೇಲೆ ನೆರಿಗೆಯ ಗುಂಟ ಲಂಗ; ಒಂದೊಂದಾಗಿ ಎಲ್ಲರ ಕೈಗೂ ಬಂತು. ಕೊನೆಗೆ ಮಡಿಕೆಗಳಿದ್ದ ತುಂಡು ಉಳಿಯಿತು. ಅದನ್ನು ಬರುವ ವರ್ಷಕ್ಕೆ ಇಡಬೇಕೆಂದು ಹುಡುಗಿಯ ಹಟ.

"ಇಟ್ಟರೆ ಇರುವೆಗಳ ಪಾಲಾಗುತ್ತದೆ. ತಿನ್ನು. ಬರುವ ವರ್ಷ ಬೇರೆ ಹಾಕೋಣ" ಎಂದರು ಅಜ್ಜಿ.

ಬರುವ ವರ್ಷ ಎಂಬ ಆ ಮಾತನ್ನು ಕೇಳಿ ಶಿಷ್ಯರು ನಮ್ಮ ಕಡೆ ನೋಡಿದರು. ರಾತ್ರಿ ಊಟವಾದ ತರುವಾಯ ಪೆಟ್ಟಿಗೆಯ ಮುಚ್ಚಳ ತೆಗೆದ ಸದ್ದಾಯಿತು. ಕತ್ತರಿಸಿಟ್ಟಿದ್ದ ಬಟ್ಟೆಯನ್ನು ಅತ್ತೆ ಸೊಸೆಯ ಮಡಿಲಿಗೆ ಹಾಕಿ, ಯಂತ್ರದ ಮುಂದೆ ಕೂರಿಸಿ, ತಾವು ಪಕ್ಕದಲ್ಲಿ ಕುಳಿತು ಹೇಳಿಕೊಡುತ್ತಿದ್ದರು. ನಾವು ಮಲಗುವವರೆಗೂ ಯಂತ್ರದ ಸದ್ದು, ನಡುನಡುವೆ "ಅಲ್ಲ, ಬಿಚ್ಚು" ಎಂಬ ಮಾತು ಕೇಳಿಸುತ್ತಿತ್ತು.

ಮಾರನೆಯ ಬೆಳಿಗ್ಗೆ ಹೊರಡುವಾಗ ಮತ್ತೊಮ್ಮೆ ಗುಡಿಯ ಬಳಿ ಹೋದೆವು. ಬಾಲಸೂರ್ಯನ ಬೆಳಕಿನಲ್ಲಿ ಗೋಡೆಯ ವಿಗ್ರಹಗಳ ಅಂಚಿನ ಗೆರೆಗಳು ಇನ್ನೂ ಸ್ಪಷ್ಟವಾಗಿ ಕಂಡವು. ಎಂಟುನೂರೈವತ್ತು ವರ್ಷ ಕಳೆದರೂ ಅವು ಮಾಸಿಲ್ಲ. ಹಿಂದಿನ ಸಂಜೆಯ ಲಂಗವು ಒಂದು ಗಳಿಗೆಯೂ ಉಳಿಯಲಿಲ್ಲ. ಆದರೂ ಅದಕ್ಕೆ ಮಡಿಕೆಯನ್ನು ಬಿಟ್ಟಿದ್ದರು. ಹಾಸನದ ಕಡೆ ಹೋಗುವ ವಾಚಕರು ಅರ್ಧ ದಿನವನ್ನು ಬಿಡುವು ಮಾಡಿಕೊಂಡು ಕೊರವಂಗಲವನ್ನು ನೋಡಿ ಬರಬೇಕೆಂದು ಪ್ರಾರ್ಥಿಸುತ್ತೇವೆ.